ಹಕ್ಕಿ ಬಂದರೂ ಕಾಯಿ ಕಟ್ಟದ ಹೆಲಿಕೋನಿಯಾ

ಪ್ರಶ್ನೆ: ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ವೆನಿಲ್ಲಾಕ್ಕೆ ಬೆಲೆ ಬಂದಿದ್ದ ಕಾಲದಲ್ಲಿ ನಾನೂ ನನ್ನ ಮನೆಯವಳೂ ಬೆಳಗಾದರೆ ತೋಟಕ್ಕಿಳಿದು ನೂರಾರು ಹೂಗಳಿಗೆ ಟೂತ್‌ಪಿಕ್ ಹಿಡಿದು ಪರಾಗಸ್ಪರ್ಶ ಮಾಡಿದವರು. ಮನೆಯಂಗಳದಲ್ಲಿ ಹನ್ನೆರಡು ವರ್ಷಗಳಿಂದ ಎರಡು ಬಗೆಯ ಹೆಲಿಕೋನಿಯಾ (ಬಾಳೆಯ ಬಳಗದ ಹೂಗಿಡ) ಇದೆ, ಫೋಟೊ ಕಳಿಸಿದ್ದೇನೆ. ಹೂವಿಗೆ ಕೊರತೆಯಿಲ್ಲ, ಸೂರಕ್ಕಿಗಳಿಗೂ ಕೊರತೆಯಿಲ್ಲ. ಆದರೆ ಇದುವರೆಗೆ ಒಂದು ಕಾಯಿಯನ್ನೂ ಕಂಡಿಲ್ಲ. ಕಳೆದ ವರ್ಷ ಮಗಳ ಮನೆಗೆಂದು ಕೋಸ್ಟರಿಕಾಕ್ಕೆ ಹೋದಾಗ ಸಾನ್ ವಿಟೊ ಊರಿನ ಬಳಿಯ ಕಾಡಿನಲ್ಲಿ ಹೆಲಿಕೋನಿಯಾ ಗೊಂಚಲುಗಳಲ್ಲಿ ನೀಲಿ ಹಣ್ಣು ನೋಡಿದೆ. ಅದು ಹಮ್ಮಿಂಗ್‌ಬರ್ಡ್ ಕೆಲಸವೆಂದು ಜೊತೆಗಿದ್ದವರು ಹೇಳಿದರು. ವಿಚಿತ್ರವೆಂದರೆ, ಕಾಫಿ ತೋಟದ ನಡುವೆ ಉಳಿದಿದ್ದ ಸಣ್ಣ ಕಾಡಿನ ತುಣುಕಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಇನ್ನೂ ಹೆಚ್ಚು ಕಂಡವು, ಹಣ್ಣು ಮಾತ್ರ ಕಾಣಲಿಲ್ಲ. ನಮ್ಮ ಸೂರಕ್ಕಿಗೆ ಇಲ್ಲದ್ದು ಅಲ್ಲಿನ ಹಕ್ಕಿಗೆ ಏನಿದೆ? ವೆನಿಲ್ಲಾಕ್ಕೆ ಮಾಡಿದಂತೆ ಇದಕ್ಕೂ ಕೈಯಿಂದ ಮಾಡಬಹುದೇ? ಮುಂದಿನ ಸಲ ಹೋದಾಗ ಬೀಜ ತರಬಹುದೇ? ಮಗಳು ತನ್ನ ಅರ್ಧ ಎಕರೆ ಜಾಗದಲ್ಲಿ ಸಕ್ಕರೆ ನೀರಿನ ಬಾಟಲಿ ತೂಗುಹಾಕಿದರೆ ಕಾಡಿಗೆ ಏನಾದರೂ ಉಪಕಾರವಾದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಿದ್ದರೂ ಅವುಗಳ ಹಿಂದಿರುವ ಅನುಮಾನ ಒಂದೇ: ಹಕ್ಕಿ ಹೂವಿಗೆ ಬಂದು ಹೋದ ಮೇಲೂ ಕಾಯಿ ಕಟ್ಟದಿರಲು ಹೇಗೆ ಸಾಧ್ಯ ಎಂಬುದು. ಪರಾಗವು ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣುಭಾಗದ ತುದಿಗೆ, ತಲುಪಿತೆಂದರೆ ಕೆಲಸ ಮುಗಿಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ನಾನೂ ಬಹಳ ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದೇನೆ. ಹೆಲಿಕೋನಿಯಾದ ವಿಷಯದಲ್ಲಿ ಆ ಪಾಠ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತೋರಿಸಿಕೊಟ್ಟದ್ದು ನೀವು ನೋಡಿ ಬಂದ ಸಾನ್ ವಿಟೊ ಸುತ್ತಲಿನ ಕಾಡೇ.

ಮೊದಲು ನಿಮ್ಮ ಅಂಗಳದ ಗಿಡಗಳ ವಿಷಯ ಮುಗಿಸಿಬಿಡೋಣ. ನೆಟ್ಟಗೆ ನಿಂತ ಹೊಂಬಣ್ಣದ ಗೊಂಚಲಿನ ಗಿಡ, ಫೋಟೊ ನೋಡಿ ಹೇಳುವುದಾದರೆ, ‘ಗೋಲ್ಡನ್ ಟಾರ್ಚ್’ ಎಂದು ನರ್ಸರಿಗಳಲ್ಲಿ ಮಾರುವ ತಳಿ. ಇದು ಹೆಲಿಕೋನಿಯಾ ಸಿಟಕೋರಮ್ ಮತ್ತು ಹೆಲಿಕೋನಿಯಾ ಸ್ಪಾಥೊಸರ್ಸಿನೇಟಾ ಎಂಬ ಎರಡು ಬೇರೆ ಬೇರೆ ಪ್ರಭೇದಗಳು ಕೂಡಿ ಹುಟ್ಟಿದ ಮಿಶ್ರತಳಿ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯಿಂದ ಮರಿಯನ್ನು ಹೇಗೆ ನಿರೀಕ್ಷಿಸಲಾಗದೋ ಹಾಗೆ ಇದರಿಂದಲೂ ಬೀಜವನ್ನು ನಿರೀಕ್ಷಿಸುವುದು ಕಷ್ಟ, ಯಾವ ಹಕ್ಕಿ ಬಂದರೂ ಅಷ್ಟೆ. ಕೆಂಪು ದೋಣಿಗಳನ್ನು ಪೋಣಿಸಿದಂತೆ ಕೆಳಮುಖವಾಗಿ ತೂಗುವ ಇನ್ನೊಂದು ಗಿಡ ಹೆಲಿಕೋನಿಯಾ ರಾಸ್ಟ್ರೇಟಾ. ಇದು ಪೆರು, ಈಕ್ವೆಡಾರ್ ಕಡೆಯ ಅಮೆಜಾನ್ ಸೀಮೆಯ ಮೂಲನಿವಾಸಿ, ಮಿಶ್ರತಳಿಯಲ್ಲ. ಆದರೆ ನಿಮ್ಮಲ್ಲಿರುವ ಇಡೀ ಹಿಂಡು ಒಂದೇ ಗೆಡ್ಡೆಯಿಂದ ಬಾಳೆಯ ಹಿಳ್ಳಿನಂತೆ ಒಡೆದು ಹಬ್ಬಿದ್ದು. ಕಣ್ಣಿಗೆ ಐವತ್ತು ಗಿಡವಾಗಿ ಕಂಡರೂ ಲೆಕ್ಕಕ್ಕೆ ಅದು ಒಂದೇ ಗಿಡ. ಹೆಲಿಕೋನಿಯಾಗಳಲ್ಲಿ ಕೆಲವು ಪ್ರಭೇದಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಇದೂ ಹಾಗಿದ್ದರೆ, ಒಂದು ಹೂವಿನಿಂದ ಪಕ್ಕದ ಹೂವಿಗೆ ಹಕ್ಕಿ ಹಾರಿದರೂ ಅದು ಒಂದೇ ಮನೆಯ ಜಗುಲಿಯಿಂದ ಅಡುಗೆಮನೆಗೆ ಹೋದ ಹಾಗೆ.

ಇನ್ನು ಸೂರಕ್ಕಿಯ ಮೇಲಿನ ಆರೋಪ. ಸೂರಕ್ಕಿ ನಮ್ಮ ಹಮ್ಮಿಂಗ್‌ಬರ್ಡ್ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅವೆರಡೂ ಹತ್ತಿರದ ನೆಂಟರಲ್ಲ. ಹಮ್ಮಿಂಗ್‌ಬರ್ಡ್‌ಗಳ ಸುಮಾರು 360 ಪ್ರಭೇದಗಳೂ ಇಂದು ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಮತ್ತು ಅಲ್ಲಿನ ದ್ವೀಪಗಳಲ್ಲಿ ಮಾತ್ರ. ಒಂದು ಕಾಲಕ್ಕೆ ಅವು ಹಳೆಯ ಖಂಡಗಳಲ್ಲಿಯೂ ಇದ್ದವು ಎಂಬುದಕ್ಕೆ ಜರ್ಮನಿಯಲ್ಲಿ ದೊರೆತ, ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆ ಸಾಕ್ಷಿಯಾಗಿದೆ. ಅವುಗಳ ಹತ್ತಿರದ ಬಂಧುಗಳು ಬಾನಾಡಿ (ಸ್ವಿಫ್ಟ್) ಎಂಬ ಹಕ್ಕಿಗಳು. ಸೂರಕ್ಕಿಯಾದರೋ ಗುಬ್ಬಿ, ಪಿಕಳಾರಗಳ ದೊಡ್ಡ ಬಳಗಕ್ಕೆ ಸೇರಿದ್ದು. (ಕರ್ನಾಟಕದಲ್ಲಿ ಹಮ್ಮಿಂಗ್‌ಬರ್ಡ್ ಸಿಕ್ಕಿತು ಎಂದು ಪ್ರತಿ ಮಳೆಗಾಲವೂ ನನಗೆ ಯಾರಾದರೂ ವಿಡಿಯೊ ಕಳಿಸುತ್ತಾರೆ. ಅದು ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಲ್ಲುವ ಒಂದು ಬಗೆಯ ಪತಂಗ, ಹಾಕ್‌ಮಾತ್.) ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತು ಕುಡಿಯುತ್ತದೆ, ಸೂರಕ್ಕಿ ಬಹುಮಟ್ಟಿಗೆ ಕುಳಿತು ಕುಡಿಯುತ್ತದೆ. ಕುಳಿತು ಕುಡಿಯುವ ಹಕ್ಕಿಗೆ ಹೂವಿನ ಬಾಯಿಯನ್ನೇ ಹುಡುಕಬೇಕೆಂಬ ಹಟವಿಲ್ಲ. ನಿಮ್ಮ ಅಂಗಳದಲ್ಲಿ ಒಂದು ಬೆಳಿಗ್ಗೆ ಹತ್ತು ನಿಮಿಷ ಗಮನಿಸಿ ನೋಡಿ: ಹಕ್ಕಿ ಕೆಂಪು ದೋಣಿಯ ಅಂಚಿನಲ್ಲಿ ಕುಳಿತು, ಕತ್ತು ಬಾಗಿಸಿ, ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚುವುದು ಕಂಡೀತು. ಮಕರಂದ ಹೋಯಿತು, ಕೇಸರಕ್ಕೆ ಹಕ್ಕಿಯ ಮೈ ತಾಗಲೇ ಇಲ್ಲ.

ಹಾಗೆಂದು ಸೂರಕ್ಕಿಯನ್ನು ಕಳ್ಳನೆಂದು ಕರೆಯಬೇಡಿ. ತನ್ನ ನೆಲದ ಗಿಡಗಳಿಗೆ ಅದು ನಿಯತ್ತಿನಿಂದ ದುಡಿಯುತ್ತದೆ. ನಿಮ್ಮ ಮಾವಿನ ಮರದ ಮೇಲೆ ಬದನಿಕೆ ಹಬ್ಬಿದ್ದರೆ, ಅದರ ಕೊಳವೆಯಾಕಾರದ ಹೂಗಳಿಗೆ ಪರಾಗ ಒಯ್ಯುವುದು ಮುಖ್ಯವಾಗಿ ಈ ಸೂರಕ್ಕಿಯೇ. ಬದನಿಕೆಯ ಉಪದ್ರವ ಅನುಭವಿಸಿದ ಬೆಳೆಗಾರರಿಗೆ ಈ ನಿಯತ್ತು ಅಷ್ಟೇನೂ ಹಿತವೆನಿಸದಿರಬಹುದು. ಹೆಲಿಕೋನಿಯಾಕ್ಕೂ ಅದಕ್ಕೂ ಲಕ್ಷಾಂತರ ವರ್ಷಗಳ ಒಡನಾಟವಿಲ್ಲ, ಅಷ್ಟೆ.

ಆ ಒಡನಾಟ ಎಷ್ಟು ನಿಕಟವಾದುದು ಎಂಬುದನ್ನು ಹೂವನ್ನೇ ಸೀಳಿ ನೋಡಿದರೆ ತಿಳಿಯುತ್ತದೆ. ನಾವು ಹೂವೆಂದು ಕರೆಯುವ ಕೆಂಪು ದೋಣಿ ನಿಜವಾದ ಹೂವಲ್ಲ, ಬಾಳೆಹೂವಿನ ನೇರಳೆ ಹೊದಿಕೆಯಂತೆ ಅದೊಂದು ಹೊದಿಕೆ. ಅದರೊಳಗೆ ಸಾಲಾಗಿ ಕುಳಿತ ತೆಳ್ಳನೆಯ ಕೊಳವೆಗಳೇ ಹೂಗಳು. ಒಂದೊಂದು ಹೂವಿಗೂ ಆಯುಷ್ಯ ಒಂದೇ ದಿನ: ಬೆಳಿಗ್ಗೆ ಅರಳುತ್ತದೆ, ಸಂಜೆಯ ಹೊತ್ತಿಗೆ ಅದರ ಕಥೆ ಮುಗಿಯುತ್ತದೆ. ಬುಡದಲ್ಲಿ ಮೂರು ಕೋಣೆಯ ಅಂಡಾಶಯ, ಕೋಣೆಗೊಂದು ಬೀಜಾಂಡ. ಅಂದರೆ ಎಲ್ಲವೂ ಸರಿಹೋದರೂ ಒಂದು ಹಣ್ಣಿನಲ್ಲಿ ಮೂರಕ್ಕಿಂತ ಹೆಚ್ಚು ಬೀಜವಿಲ್ಲ. ಸಾನ್ ವಿಟೊ ಕಾಡಿನಲ್ಲಿ ಹೇರಳವಾಗಿರುವ ಹೆಲಿಕೋನಿಯಾ ಟಾರ್ಚುವೋಸಾ ಎಂಬ ಪ್ರಭೇದದ ಕೊಳವೆ ಉದ್ದವಾಗಿದ್ದು, ಕತ್ತಿಯಂತೆ ಬಾಗಿದೆ. ಅದೇ ಕಾಡಿನ ಗ್ರೀನ್ ಹರ್ಮಿಟ್ ಎಂಬ ಹಮ್ಮಿಂಗ್‌ಬರ್ಡ್‌ನ ಕೊಕ್ಕು ಸುಮಾರು 4 ಸೆಂ.ಮೀ. ಉದ್ದವಿದ್ದು, ಅದೇ ರೀತಿ ಬಾಗಿದೆ. ಹಕ್ಕಿಯ ತೂಕವಾದರೋ 6 ಗ್ರಾಂ ಆಸುಪಾಸು. ಹೂವನ್ನು ಒರೆ ಎಂದುಕೊಂಡರೆ ಕೊಕ್ಕೇ ಕತ್ತಿ. ಕೆರಿಬಿಯನ್ ದ್ವೀಪಗಳಲ್ಲಿ ಇದಕ್ಕಿಂತ ಬೆರಗಿನ ಉದಾಹರಣೆಯಿದೆ: ಪರ್ಪಲ್ ಥ್ರೋಟೆಡ್ ಕ್ಯಾರಿಬ್ ಎಂಬ ಹಕ್ಕಿಯಲ್ಲಿ ಗಂಡಿಗಿಂತ ಹೆಣ್ಣಿನ ಕೊಕ್ಕು ಹೆಚ್ಚು ಉದ್ದ, ಹೆಚ್ಚು ಬಾಗಿದ್ದು, ಹೆಣ್ಣು ಉದ್ದನೆಯ ಹೂವಿನ ಒಂದು ಹೆಲಿಕೋನಿಯಾಕ್ಕೆ ಹೋದರೆ, ಗಂಡು ಗಿಡ್ಡ ಹೂವಿನ ಇನ್ನೊಂದನ್ನು ಕಾಯುತ್ತ ಕೂರುತ್ತದೆ.

ಈಗ ನಿಮ್ಮ ಟೂತ್‌ಪಿಕ್ ಪ್ರಶ್ನೆಗೆ ಬರುತ್ತೇನೆ. ವೆನಿಲ್ಲಾದ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅದಕ್ಕೆ ಹಮ್ಮಿಂಗ್‌ಬರ್ಡ್ ಬೇಕೆಂದು ನಮ್ಮಲ್ಲಿ ಹಲವರು ನಂಬಿದ್ದರು. ವಾಸ್ತವದಲ್ಲಿ ಅದು ಜೇನ್ನೊಣಗಳ ಬಳಗದ ಕೀಟಗಳ ಕೆಲಸ. ವೆನಿಲ್ಲಾ ಹೂವಿನಲ್ಲಿ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ಒಂದು ತೆಳ್ಳನೆಯ ಪರದೆ ಅಡ್ಡ ಇರುತ್ತದೆ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಆ ಪರದೆಯನ್ನು ಕಡ್ಡಿಯಿಂದ ಎತ್ತಿ ಹೆಬ್ಬೆರಳಿನಿಂದ ಒತ್ತುವ ಉಪಾಯ ಕಂಡುಕೊಂಡ. ನೀವಿಬ್ಬರೂ ಶಿರಸಿಯಲ್ಲಿ ಮಾಡಿದ್ದು ಅದನ್ನೇ. ಅಲ್ಲಿ ಇದ್ದದ್ದು ಬರೀ ಅಡ್ಡಗೋಡೆ, ಎತ್ತಿದರೆ ದಾರಿ ತೆರೆಯಿತು. ಹೆಲಿಕೋನಿಯಾ ಟಾರ್ಚುವೋಸಾದಲ್ಲಿ ಅಂಥ ಗೋಡೆಯಿಲ್ಲ. ಪರಾಗವನ್ನು ಶಲಾಕಾಗ್ರದ ಮೇಲೆ ಯಾರು ಬೇಕಾದರೂ ಇಡಬಹುದು. ಆದರೆ ಇಟ್ಟ ಮೇಲೆ ಪರಾಗ ಮೊಳೆತು, ಅದರ ನಾಳ ಶಲಾಕೆಯೊಳಗೆ ಇಳಿದು ಅಂಡಾಶಯವನ್ನು ಮುಟ್ಟಬೇಕಲ್ಲ, ಅಲ್ಲಿ ಗಿಡ ತನ್ನದೇ ಆದ ತಕರಾರು ತೆಗೆಯುತ್ತದೆ.

ಸಾನ್ ವಿಟೊ ಬಳಿಯ ಲಾಸ್ ಕ್ರೂಸೆಸ್ ಜೀವಶಾಸ್ತ್ರ ಕೇಂದ್ರದ ಸುತ್ತಮುತ್ತ ಮ್ಯಾಥ್ಯೂ ಬೆಟ್ಸ್, ಆಡಮ್ ಹ್ಯಾಡ್ಲಿ ಮತ್ತು ಜಾನ್ ಕ್ರೆಸ್ ಈ ತಕರಾರನ್ನು ಪರೀಕ್ಷೆಗೆ ಒಡ್ಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಕ್ರಮ ಸರಳವಾಗಿತ್ತು, ನನಗೆ ಬಹಳ ಹಿಡಿಸಿದ್ದೂ ಅದೇ. ದೊಡ್ಡ ಬಲೆಪಂಜರದೊಳಗೆ ಗಿಡವನ್ನಿಟ್ಟು, ಎಲ್ಲ ಹೂಗಳಿಗೂ ಒಂದೇ ಗುಣಮಟ್ಟದ ಪರಾಗವನ್ನು ಕೈಯಿಂದಲೇ ಹಚ್ಚಿ, ಆಮೇಲೆ ಒಂದೊಂದು ಬಗೆಯ ಹಕ್ಕಿಯನ್ನು ಒಳಗೆ ಬಿಟ್ಟು ಮಕರಂದ ಕುಡಿಸಿದರು. ಅಂದರೆ ಪರಾಗ ತರುವ ಹೊಣೆ ಹಕ್ಕಿಗೆ ಇರಲೇ ಇಲ್ಲ. ಬರುವುದು, ಕುಡಿಯುವುದು, ಹೋಗುವುದು ಇಷ್ಟೇ ಅದರ ಪಾಲು. ಇಂಥ 223 ಪ್ರಯೋಗಗಳ ಬಳಿಕ ಶಲಾಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರಾಗನಾಳಗಳನ್ನು ಎಣಿಸಿದಾಗ, ಉದ್ದ ಬಾಗುಕೊಕ್ಕಿನ ಗ್ರೀನ್ ಹರ್ಮಿಟ್ ಮತ್ತು ವಯೊಲೆಟ್ ಸೇಬರ್‌ವಿಂಗ್ ಬಂದುಹೋದ ಹೂಗಳಲ್ಲಿ ಸರಾಸರಿ 1.21 ನಾಳಗಳು ಸಿಕ್ಕವು. ನೇರ ಕೊಕ್ಕಿನ ಹಕ್ಕಿಗಳು ಬಂದ ಹೂಗಳಲ್ಲಿ ಅದು ಸುಮಾರು ಆರು ಪಟ್ಟು ಕಡಿಮೆ, ಅಂದರೆ 0.20. ಪರಾಗ ಅದೇ, ಗಿಡ ಅದೇ, ಬದಲಾದದ್ದು ಅತಿಥಿ ಮಾತ್ರ.

ಗಿಡಕ್ಕೆ ಕಣ್ಣಿಲ್ಲ, ಬಂದವರು ಯಾರೆಂದು ತಿಳಿಯುವುದು ಹೇಗೆ? ಮುಂದಿನ ಪ್ರಯೋಗಗಳು ತೋರಿಸಿದಂತೆ, ಕೊಳವೆಯ ತಳದಿಂದ ಎಷ್ಟು ಮಕರಂದ ಖಾಲಿಯಾಯಿತು ಎಂಬುದೇ ಗಿಡಕ್ಕೆ ಸಿಗುವ ಸುಳಿವು. ಉದ್ದ ಬಾಗುಕೊಕ್ಕು ತಳ ಮುಟ್ಟಿ ಬಟ್ಟಲು ಬರಿದು ಮಾಡುತ್ತದೆ. ಗಿಡ್ಡ ಕೊಕ್ಕಿಗೆ ಮೇಲುಮೇಲಿನದಷ್ಟೇ ದಕ್ಕುತ್ತದೆ. ಬಟ್ಟಲು ಬರಿದಾದಾಗ ಹೂವು ಪರಾಗನಾಳಕ್ಕೆ ದಾರಿ ಬಿಡುತ್ತದೆ, ಇಲ್ಲವಾದರೆ ಬಹುತೇಕ ಮುಚ್ಚಿಕೊಂಡೇ ಇರುತ್ತದೆ.    

ಹಕ್ಕಿ ಹೆಚ್ಚಿದ್ದ ಕಡೆ ಹಣ್ಣು ಏಕಿರಲಿಲ್ಲ ಎಂಬ ಒಗಟಿನ ಉತ್ತರ ಇಲ್ಲೇ ಅಡಗಿದೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಸ್ಥೂಲವಾಗಿ ಎರಡು ಸ್ವಭಾವಗಳಿವೆ. ಒಂದು ಬಗೆಯವು ಹೂ ತುಂಬಿದ ಒಂದು ಪೊದೆಯನ್ನು ಹಿಡಿದು, ಬೇರೆ ಹಕ್ಕಿಗಳನ್ನು ಅಟ್ಟುತ್ತ, ಅಲ್ಲೇ ಸುಳಿದಾಡುತ್ತವೆ. ಕಾಫಿ ತೋಟದ ನಡುವೆ ನಿಮಗೆ ಕಂಡ ಹಕ್ಕಿಗಳಲ್ಲಿ ಕಂದುಗೆಂಪು ಬಾಲದ, ಸದಾ ಜಗಳವಾಡುವ ರೂಫಸ್ ಟೇಲ್ಡ್ ಎಂಬ ಪ್ರಭೇದವೂ ಬಹುಶಃ ಇತ್ತು. ಬಯಲು, ತೋಟ, ಮನೆಯಂಗಳ ಎಲ್ಲವೂ ಅದಕ್ಕೆ ಒಗ್ಗುತ್ತವೆ. ಇನ್ನೊಂದು ಬಗೆಯವು ಹಳ್ಳಿಯ ಅಂಚೆಯಣ್ಣನಿದ್ದಂತೆ: ಇಲ್ಲೊಂದು ಅಲ್ಲೊಂದು ಮನೆ, ದಿನವೂ ಅದೇ ದಾರಿ, ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಗ್ರೀನ್ ಹರ್ಮಿಟ್ ಈ ಜಾಯಮಾನದ್ದು. ಅದೇ ಅಧ್ಯಯನದ ಪ್ರಕಾರ ಉದ್ದ ಕೊಕ್ಕಿನವು ದಿನಕ್ಕೆ ಸುಮಾರು 1 ಕಿ.ಮೀ. ಹರವಿನಲ್ಲಿ ಓಡಾಡಿದರೆ, ಪೊದೆ ಕಾಯುವವು 100 ಮೀಟರನ್ನೂ ದಾಟುವುದಿಲ್ಲ. ದೂರದ, ಬೇರೆ ಬೇರೆ ತಾಯಿಗಿಡಗಳ ಪರಾಗ ಯಾರ ಹಣೆಗೆ ಅಂಟಿ ಬರುತ್ತದೆ ಎಂಬುದು ಇದರಿಂದಲೇ ಸ್ಪಷ್ಟ. ಬಟ್ಟಲು ಬರಿದಾಗುವವರೆಗೆ ಗಿಡ ಕಾಯುವುದು ಸ್ವಗೋತ್ರದ ಸಂಬಂಧವನ್ನು ತಪ್ಪಿಸುವ ಉಪಾಯವಾಗಿರಬಹುದು ಎಂದು ಆ ಸಂಶೋಧಕರು ಊಹಿಸಿದ್ದಾರೆ. ನನಗೂ ಆ ಊಹೆ ಸರಿಯೆನಿಸುತ್ತದೆ. ಆದರೆ ಇದು ಒಂದು ಪ್ರಭೇದದಲ್ಲಿ ಕಂಡ ಸಂಗತಿ. ಸುಮಾರು 200 ಹೆಲಿಕೋನಿಯಾಗಳೂ ಹೀಗೆಯೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪೆಸಿಫಿಕ್ ದ್ವೀಪಗಳ ಕೆಲವು ಹೆಲಿಕೋನಿಯಾಗಳಂತೂ ಹಮ್ಮಿಂಗ್‌ಬರ್ಡ್‌ನ ಮುಖವನ್ನೇ ಕಂಡಿಲ್ಲ, ಅಲ್ಲಿ ಬಾವಲಿಗಳೂ ಬೇರೆ ಹಕ್ಕಿಗಳೂ ಆ ಕೆಲಸ ಮಾಡುತ್ತವೆ.

ಅಂಚೆಯಣ್ಣನ ತೊಂದರೆಯೆಂದರೆ, ಕಾಡು ಕಡಿದು ಬಯಲಾದಲ್ಲಿ ಅವನ ದಾರಿ ತುಂಡಾಗುತ್ತದೆ. ಸಾನ್ ವಿಟೊ ಊರು ಕಟ್ಟಿದ್ದು 1950ರ ದಶಕದಲ್ಲಿ ಬಂದ ಇಟಲಿಯ ವಲಸಿಗರು. ಆ ಬಳಿಕದ ದಶಕಗಳಲ್ಲಿ ಕಾಫಿಗಾಗಿ, ದನದ ಮೇವಿಗಾಗಿ ಸುತ್ತಲಿನ ಕಾಡು ಕರಗಿ ತುಣುಕುಗಳಾಗಿ ಉಳಿಯಿತು. ಹ್ಯಾಡ್ಲಿ ಮತ್ತು ಬೆಟ್ಸ್ ಗ್ರೀನ್ ಹರ್ಮಿಟ್‌ಗಳನ್ನು ಹಿಡಿದು, ಪುಟ್ಟ ರೇಡಿಯೊ ಸಾಧನ ಅಂಟಿಸಿ, ದೂರ ಒಯ್ದು ಬಿಟ್ಟರು. ನಡುವೆ ಕಾಡಿದ್ದಾಗ ಅವು ಬೇಗ, ನೇರವಾಗಿ ಮರಳಿದವು. ನಡುವೆ ಬಯಲಿದ್ದಾಗ ಕಾಡಿನ ಅಂಚು ಹಿಡಿದು ಸುತ್ತಿ ಬಳಸಿ, ತಡವಾಗಿ ಬಂದವು. ರೆಕ್ಕೆಯಿರುವ ಜೀವಕ್ಕೆ ಒಂದು ಹುಲ್ಲುಗಾವಲು ಯಾವ ಲೆಕ್ಕ ಎಂದು ನಾವು ಭಾವಿಸುತ್ತೇವೆ. 6 ಗ್ರಾಂ ತೂಕದ, ನೆರಳಿನಲ್ಲೇ ಬದುಕುವ ಹಕ್ಕಿಗೆ ಅದು ದಾಟಲಾರದ ಹೊಳೆ. ಅದೇ ತಂಡದ 2014ರ ಅಧ್ಯಯನದಲ್ಲಿ ಸಣ್ಣ ತುಣುಕುಗಳಲ್ಲಿನ ಹೆಲಿಕೋನಿಯಾಗಳಿಗೆ ಬೀಜ ಕಡಿಮೆ ಕಂಡಿತು. ನೀವು ಬರಿಗಣ್ಣಿನಲ್ಲಿ ನೋಡಿ ಬಂದದ್ದು ಇದನ್ನೇ: ಎಣಿಕೆಗೆ ಹಕ್ಕಿಗಳಿವೆ, ಕೆಲಸಕ್ಕೆ ಬೇಕಾದ ಹಕ್ಕಿ ಇಲ್ಲ.

ಮನೆಯ ಗಿಡಕ್ಕೆ ಏನು ಮಾಡಬಹುದೆಂದರೆ, ಗೋಲ್ಡನ್ ಟಾರ್ಚ್‌ನ ಆಸೆ ಬಿಟ್ಟುಬಿಡಿ, ಬೇಕಾದಷ್ಟು ಹಿಳ್ಳು ಕಿತ್ತು ನೆಡಿ. ರಾಸ್ಟ್ರೇಟಾದಲ್ಲಿ ಪ್ರಯತ್ನಿಸುವ ಕುತೂಹಲವಿದ್ದರೆ, ಬೇರೆ ಮೂಲದ ಇನ್ನೊಂದು ಗಿಡ ಬೇಕು. ಬೇರೆ ನರ್ಸರಿಯಿಂದ ತಂದರೂ ಅದು ನಿಮ್ಮದೇ ಗೆಡ್ಡೆಯ ದಾಯಾದಿಯಾಗಿರುವ ಸಾಧ್ಯತೆ ಇದ್ದೇ ಇದೆ. ಹೂವು ಅರಳಿದ ಬೆಳಿಗ್ಗೆಯೇ ಆ ಇನ್ನೊಂದರ ಪರಾಗ ಹಚ್ಚಿ, ತೀರಾ ಸಣ್ಣ ಸೂಜಿಯ ಇನ್ಸುಲಿನ್ ಸಿರಿಂಜಿನಿಂದ ಕೊಳವೆಯ ತಳದ ಮಕರಂದವನ್ನೂ ಹೀರಿ ತೆಗೆಯಿರಿ. ಲಾಸ್ ಕ್ರೂಸೆಸ್‌ನಲ್ಲಿ ಬರೀ ಪರಾಗ ಹಚ್ಚಿದ್ದಕ್ಕಿಂತ ಮಕರಂದವನ್ನೂ ತೆಗೆದಾಗ ಪರಾಗನಾಳಗಳು ಹೆಚ್ಚಿದ್ದವು. ರಾಸ್ಟ್ರೇಟಾ ಅದೇ ಗುಣದ್ದೆಂದು ಇದರ ಅರ್ಥವಲ್ಲ. ಸೂಜಿ ಶಲಾಕೆಗೆ ತಗುಲಿದರೆ ಆ ಹೂವು ಹೋದಂತೆಯೇ. ನಾನು ಶಿಷ್ಯರಿಂದ ಹೀಗೆ ಮಾಡಿಸಿದಾಗ ಮೊದಲ ಎರಡು ವಾರ ಹೂ ಹಾಳು ಮಾಡಿದ್ದಷ್ಟೇ ಸಾಧನೆ. ಬೀಜ ಸಿಕ್ಕಿದರೂ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು. ವೆನಿಲ್ಲಾದಂತೆ ಕೋಡಿಗೊಂದು ಬೆಲೆ ಇಲ್ಲಿಲ್ಲ. ಹಾಗಾಗಿ ಸೋತರೂ ಕಳೆದುಕೊಳ್ಳುವುದು ಕೆಲವು ಬೆಳಗುಗಳನ್ನು ಮಾತ್ರ.

ಕೋಸ್ಟರಿಕಾದಿಂದ ಬೀಜ ತರುವ ವಿಚಾರಕ್ಕೆ ನನ್ನ ಸಲಹೆ ಬೇಡ ಎಂಬುದೇ. ಭಾರತದ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ತರುವಂತಿಲ್ಲ. ಕಾನೂನನ್ನು ಬದಿಗಿಟ್ಟರೂ, ಹೆಲಿಕೋನಿಯಾವು ಬಾಳೆ, ಶುಂಠಿ, ಏಲಕ್ಕಿಗಳ ಬಳಗದ ಗಿಡ. ಅದರ ಜೊತೆ ಬರುವ ಕಾಯಿಲೆ ನಿಮ್ಮ ಅಡಿಕೆ ತೋಟದೊಳಗಿನ ಬಾಳೆ, ಏಲಕ್ಕಿಗೆ ಹತ್ತಿದರೆ ಯಾರೂ ಹೊಣೆಗಾರರಾಗುವುದಿಲ್ಲ.

ಮಗಳ ಜಾಗದ ವಿಷಯದಲ್ಲಿ ಮಾತ್ರ ನನಗೆ ಹೇಳುವುದು ಸ್ವಲ್ಪ ಹೆಚ್ಚೇ ಇದೆ. ಸಕ್ಕರೆ ನೀರಿನ ಬಾಟಲಿ ತೂಗುಹಾಕಿದರೆ ಹಕ್ಕಿಗಳು ಖಂಡಿತ ಬರುತ್ತವೆ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಕೆಂಪು ಬಣ್ಣ ಬೆರೆಸಬಾರದು, ಎರಡು ಮೂರು ದಿನಕ್ಕೊಮ್ಮೆ ತೊಳೆಯದಿದ್ದರೆ ಬೂಸ್ಟು ಹಿಡಿದು ಹಕ್ಕಿಗೇ ಕುತ್ತು. ಕೆಂಪು ಬಣ್ಣಕ್ಕೇ ಅವು ಹುಟ್ಟಿನಿಂದ ಮರುಳು ಎಂಬುದೂ ಪೂರ್ತಿ ನಿಜವಲ್ಲ. ಜೇನ್ನೊಣಗಳಿಗೆ ಸರಿಯಾಗಿ ಕಾಣದ ಕೆಂಪು ಹೂಗಳಲ್ಲಿ ಮಕರಂದ ಉಳಿದಿರುತ್ತದೆ, ಅದನ್ನು ಹಕ್ಕಿ ಕಲಿತುಕೊಳ್ಳುತ್ತದೆ. ಆದರೆ ಬಾಟಲಿಗೆ ಮುತ್ತುವುದು ಹೆಚ್ಚಾಗಿ ಪೊದೆ ಕಾಯುವ ಜಗಳಗಂಟ ಹಕ್ಕಿಗಳೇ. ನಿಮ್ಮ ಮಗಳಿಗೂ ಮೊಮ್ಮಕ್ಕಳಿಗೂ ಅದು ಸಂತೋಷ ಕೊಡಬಹುದು. ಕಾಡಿನ ಹೆಲಿಕೋನಿಯಾಕ್ಕೆ ಅದರಿಂದ ಒಂದು ಬೀಜವೂ ಹೆಚ್ಚುವುದಿಲ್ಲ. ಬೀಜ ಹೆಚ್ಚಬೇಕಾದರೆ ದಾರಿ ಬೇಕು. ಅದೇ ಪ್ರದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮರಗಳ ಪಟ್ಟಿಯಿಂದ ದೊಡ್ಡ ಕಾಡಿಗೆ ಜೋಡಣೆಯಿದ್ದ ತುಣುಕುಗಳಲ್ಲಿ ಕಾಡುಹಕ್ಕಿಗಳ ಓಡಾಟವೂ ಹೆಲಿಕೋನಿಯಾದ ಪರಾಗಸ್ಪರ್ಶವೂ ಚೇತರಿಸಿದ್ದು ಕಂಡುಬಂದಿದೆ. ಆ ನಾಡಿನಲ್ಲಿ ಬೇಲಿಗೂಟವಾಗಿ ಜೀವಂತ ಮರಗಳನ್ನೇ ನೆಡುವ ರೂಢಿಯಿದೆ, ನೀವೂ ನೋಡಿರುತ್ತೀರಿ. ಜಾಗದ ಯಾವ ಬದಿ ಕಾಡಿನ ಕಡೆಗಿದೆಯೋ ಆ ಬದಿಯ ಬೇಲಿಯನ್ನು ಒಂಟಿ ಸಾಲಿಗೆ ನಿಲ್ಲಿಸದೆ, ಅಲ್ಲಿನದೇ ಮರಗಳಿಂದ ನಾಲ್ಕೈದು ಸಾಲು ದಪ್ಪಗೆ ಬೆಳೆಸಿ, ಕೆಳಗಿನ ಪೊದೆಯನ್ನು ಸವರದೆ ಬಿಡಲಿ. ಪಕ್ಕದ ಜಮೀನಿನವರೂ ಅದಕ್ಕೆ ಜೋಡಿಸಿದರಷ್ಟೇ ಅದು ದಾರಿಯಾದೀತು. ಅರ್ಧ ಎಕರೆಯ ತೊಡಕು ಇರುವುದು ಅಲ್ಲೇ.

ನೆರಳು ಕೂಡಿಕೊಂಡ ಮೇಲೆ ಅದರಡಿಯಲ್ಲಿ ಅಲ್ಲಿನ ನರ್ಸರಿಯಿಂದ ತಂದ ಟಾರ್ಚುವೋಸಾ ನೆಡಲಿ, ಒಂದೇ ಹಿಂಡಿನಿಂದಲ್ಲ, ಬೇರೆ ಬೇರೆ ತಾಯಿಗಿಡಗಳಿಂದ. ಹೂ ಬಿಟ್ಟು ಕೆಲವು ತಿಂಗಳಾದ ಬಳಿಕ ನೀಲಿ ಹಣ್ಣು ಕಂಡರೆ, ಹತ್ತು ಹಣ್ಣು ಕಿತ್ತು, ಅದುಮಿ, ಒಂದೊಂದರಲ್ಲಿ ಎಷ್ಟು ಬೀಜವಿದೆಯೆಂದು ಎಣಿಸಿ ನಿಮಗೆ ಬರೆಯಲು ಹೇಳಿ. ಒಂದಿದ್ದರೂ ಯಾವುದೋ ಉದ್ದ ಕೊಕ್ಕು ಆ ಬೇಲಿಯ ದಾರಿಯಲ್ಲಿ ಬಂದು ಹೋಗಿರಬಹುದು. ಹೆಚ್ಚಿನ ಹಣ್ಣುಗಳಲ್ಲಿ ಮೂರೂ ಇದ್ದರೆ, ಆ ಕಾಗದವನ್ನು ನನಗೂ ಕಳಿಸಿ.